ಮಡಚಿಟ್ಟ ಮಾತು

ನಾನು ಅದನ್ನು ಸಾರಿನ ಕಲೆ ಎಂದುಕೊಂಡಿದ್ದೆ. ನಮ್ಮ ಅಡುಗೆಮನೆಯಲ್ಲಿ ಟ್ಯಾಬ್ಲೆಟ್ಟಿಗೂ ಒಲೆಗೂ ಅಂಥ ದೂರವೇನಿಲ್ಲ, ಒಗ್ಗರಣೆ ಸಿಡಿದಾಗಲೆಲ್ಲ ಅದಕ್ಕೂ ಒಂದು ಪಾಲು ಸಿಗುತ್ತದೆ. ಪರದೆಯ ಮೇಲೆ ಒಂದು ಸಾಲಿನ ಮೊದಲಿಗೆ ಪುಟ್ಟ ತ್ರಿಕೋನದಂಥದ್ದು ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆ. ಕಲೆ ಹೋಗಲಿಲ್ಲ, ಅದರ ಕೆಳಗಿನಿಂದ ಒಂದು ಪ್ಯಾರಾ ಹೊರಗೆ ಬಂತು.

"ಅಮ್ಮಾ, ಯು ಜಸ್ಟ್ ಟ್ಯಾಪ್ ಇಟ್," ಎಂದು ಮಗಳು ಹಣೆ ಚಚ್ಚಿಕೊಂಡಳು. ಒತ್ತಿದರೆ ತೆರೆಯುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ, ಅದಕ್ಕೇ ಆ ತ್ರಿಕೋನವಂತೆ. ಗೊತ್ತಿದ್ದವಳಾಗಿದ್ದರೆ ನಾನೂ ಎಲ್ಲರಂತೆ ಒತ್ತದೆ ಮುಂದೆ ಹೋಗಿಬಿಡುತ್ತಿದ್ದೆ. ಗೊತ್ತಿಲ್ಲದವಳಾದ್ದರಿಂದ ಒರೆಸಿದೆ. ಇಂಥ ಸಣ್ಣ ಸಣ್ಣ ದಯೆಗಳಿಗೆಲ್ಲ ದೇವರಿಗೆ ನಾನು ಅಲ್ಲಲ್ಲೇ ಕೈ ಮುಗಿದುಬಿಡುತ್ತೇನೆ, ಕೈ ಒದ್ದೆಯಿದ್ದರೂ ಸರಿ.

ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದವರದ್ದೊಂದು ಫೋರಮ್ಮಿದೆ. ಹಳೆಯ ಸೋಫಾ ಮಾರುವವರು, ಡೇಕೇರು ಹುಡುಕುವವರು, ಪುರೋಹಿತರ ನಂಬರು ಕೇಳುವವರು ಎಲ್ಲ ಅಲ್ಲಿ ಸೇರುತ್ತಾರೆ. ಹಬ್ಬ ಬಂದರೆ ನಾನು ಪೂಜೆಯ ವಿಧಾನ ಬರೆಯುತ್ತೇನೆ. ಉದ್ದವಾಗಿಯೇ ಬರೆಯುತ್ತೇನೆ. ಕಳಶಕ್ಕೆ ನೀರು ತುಂಬಿಸಿ ಎಂದರೆ ಫಿಲ್ಟರ್ ನೀರೋ ನಲ್ಲಿ ನೀರೋ ಎಂದು ಕೇಳುವ ಜನ ನಮ್ಮವರು, ಉದ್ದವಾಗದೆ ಇನ್ನೇನಾದೀತು?

ಫೋರಮ್ಮನ್ನು ನೋಡಿಕೊಳ್ಳುವವನು ಪ್ರಶಾಂತ, ಮೌಂಟನ್ ವ್ಯೂನಲ್ಲಿ ಕೆಲಸ. ಒಂದು ಸತ್ಯನಾರಾಯಣ ಪೂಜೆಯಲ್ಲಿ ಸಿಕ್ಕಿದವನು ಪ್ರಸಾದದ ದೊನ್ನೆ ಹಿಡಿದುಕೊಂಡೇ ನನ್ನ ಹತ್ತಿರ ಬಂದ. "ಆಂಟಿ, ನಿಮ್ ಗೌರಿ ಹಬ್ಬದ ಪೋಸ್ಟು ಓದೋಕ್ ಕೂತ್ರೆ ನಮ್ ಶಟಲ್ ಬಸ್ಸು ಆಫೀಸಿಗೆ ಬಂದ್ಬಿಡತ್ತೆ, ಗೌರಿ ಇನ್ನೂ ಮನೆಗೆ ಬಂದಿರಲ್ಲ," ಎಂದ. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ಕಥೆಯೆಲ್ಲ ಮುಗಿದ ಮೇಲೆ ಮಂಗಳಾರತಿಯ ಹೊತ್ತಿಗೆ ಬಂದವನು ಎಂಬುದು ನನ್ನ ಗಮನಕ್ಕೆ ಬಂದಿತ್ತು, ಆದರೆ ಪೂಜೆಯ ಮನೆಯಲ್ಲಿ ಅದನ್ನೆಲ್ಲ ಹೇಳಬಾರದು.

ಅದಾದ ಮೇಲೆಯೇ ಅವನು ಉದ್ದದ ಮಾತನ್ನು ತ್ರಿಕೋನದ ಕೆಳಗೆ ಮಡಚಿಡುವ ಈ ಮಡಿಕೆಗಳನ್ನು ತಂದದ್ದು. ಸ್ವಲ್ಪ ದಿನ ಪರೀಕ್ಷೆಗೆ ಇರುತ್ತದೆ, ಆಮೇಲೆ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಎಲ್ಲರೂ ವೋಟು ಹಾಕಬೇಕು ಎಂದು ಸಾರಿದ. ಮಾತು ಚಿಕ್ಕದಾಗಲಿ ಎಂದು ಅವನು ಬರೆದ ಆ ಪ್ರಸ್ತಾವನೆಯಷ್ಟು ಉದ್ದದ ಪೋಸ್ಟನ್ನು ನಾನು ನನ್ನ ಜನ್ಮದಲ್ಲಿ ಬರೆದಿಲ್ಲ. ಹಿನ್ನೆಲೆಗೊಂದು ಮಡಿಕೆ, ಉದ್ದೇಶಕ್ಕೊಂದು ಮಡಿಕೆ, ಆಕ್ಷೇಪಗಳಿಗೆ ಸಮಾಧಾನ ಎಂಬ ಮಡಿಕೆಯ ಹೊಟ್ಟೆಯಲ್ಲಿ ಇನ್ನಷ್ಟು ಮರಿ ಮಡಿಕೆಗಳು. ಜನ ಒಂದನ್ನೂ ತೆರೆಯದೆ "ಸೂಪರ್ ಪ್ರಶಾಂತ್" ಎಂದು ಬರೆದು ಹೋದರು. ಮಡಿಕೆಯಿಂದ ಎಷ್ಟು ಸಮಯ ಉಳಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ನಾನು ಒರೆಸಿದ ಪೋಸ್ಟಿನ ವಿಷಯ. ಅದನ್ನು ಬರೆದವಳು ಸಹನಾ ಎಂಬ ಮೈಸೂರಿನ ಹುಡುಗಿ, ಈಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಣಂತಿ. ಬಾಣಂತಿ ಲೇಹ್ಯ ಮಾಡುವುದು ಹೇಗೆ ಎಂದು ಕೇಳಿದ್ದಳು. ಅದರ ಕೆಳಗೆ ಮಹಾಯುದ್ಧವೇ ನಡೆದಿತ್ತು. ಒಣಶುಂಠಿ ಹುರಿಯಬೇಕೆಂದು ಒಬ್ಬರು, ಹುರಿದರೆ ಉಷ್ಣವೆಂದು ಇನ್ನೊಬ್ಬರು, ಇದೆಲ್ಲ ಯಾವುದೂ ಬೇಡ ಎಂದು ಒಬ್ಬ ಡಾಕ್ಟರಮ್ಮ, ನಿಮಗೆ ಮಕ್ಕಳಾದಾಗ ನೀವು ತಿನ್ನಲಿಲ್ಲವೇ ಎಂದು ಅವರ ಓರಗಿತ್ತಿ. ಇಷ್ಟೆಲ್ಲ ನಡೆದರೂ ಸಹನಾಳ ಪೋಸ್ಟಿನ ಕೊನೆಯಲ್ಲಿ "ಬೇರೆ ಒಂದು ಸಣ್ಣ ವಿಷಯ" ಎಂದು ಮಡಚಿಟ್ಟಿದ್ದ ಸಾಲನ್ನು ಯಾರೂ ಮುಟ್ಟಿರಲಿಲ್ಲ. ನನ್ನ ಒದ್ದೆ ಬಟ್ಟೆಗೆ ತೆರೆದುಕೊಂಡದ್ದು ಅದು.

ಅಮ್ಮನಿಗೆ ವೀಸಾ ಇನ್ನೂ ಸಿಕ್ಕಿಲ್ಲ, ಎಂದು ಬರೆದಿದ್ದಳು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ನನಗೆ ಹೆದರಿಕೆ. ಯಾರಾದರೂ ಹಿರಿಯರು ಒಂದು ಸಲ ಬಂದು ತೋರಿಸಿಕೊಟ್ಟರೆ ಉಪಕಾರವಾಗುತ್ತದೆ. ತೊಂದರೆಯಾದರೆ ಬೇಡ.

ಪೋಸ್ಟು ಹಾಕಿ ವಾರವಾಗಿತ್ತು. ಒಣಶುಂಠಿಯ ಜಗಳ ಇನ್ನೂ ಮುಗಿದಿರಲಿಲ್ಲ.

ತಪ್ಪನ್ನೆಲ್ಲ ಪ್ರಶಾಂತನ ತಲೆಗೆ ಕಟ್ಟುವ ಆಸೆ ನನಗೇನೋ ಇತ್ತು. ಆದರೆ ದೇವರಿಗೆ ದೀಪ ಹಚ್ಚುವವಳು ಸುಳ್ಳು ಹೇಳಬಾರದು. ನಮ್ಮವರಿಗೆ ಮಡಚುವುದನ್ನು ಕಂಪ್ಯೂಟರು ಬಂದು ಕಲಿಸಬೇಕಿರಲಿಲ್ಲ. ಮನೆಗೆ ಬಂದವರು ಕಾಫಿ ಕುಡಿಯುತ್ತ ಫ್ರೀವೇ ಟ್ರಾಫಿಕ್ಕು, ತೊಗರಿಬೇಳೆಯ ರೇಟು, ಎಲ್ಲ ಮಾತಾಡುತ್ತಾರೆ. ಕುಂಕುಮ ಕೊಟ್ಟಾಗುತ್ತದೆ, ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಆಗ ಬಾಗಿಲ ಚಿಲಕ ಹಿಡಿದುಕೊಂಡು "ಹಾಂ, ಒಂದ್ ವಿಷ್ಯ ಹೇಳೋದೇ ಮರ್ತೆ" ಎನ್ನುತ್ತಾರೆ. ಬಂದದ್ದೇ ಆ ವಿಷಯಕ್ಕೆ. ಕೆಲಸ ಹೋದದ್ದು, ಆಪರೇಷನ್ ಇರುವುದು, ಸೊಸೆ ಮನೆ ಬಿಟ್ಟದ್ದು, ಎಲ್ಲವೂ ಹೊರಬರುವುದು ಚಪ್ಪಲಿಯ ಮೇಲೆ ನಿಂತಾಗಲೇ. ನಮ್ಮ ಮನೆಯಲ್ಲಿ ಸೋಫಾ ಮೇಲೆ ನಡೆದ ಮಾತುಗಳಿಗಿಂತ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಡೆದ ಮಾತುಗಳಿಗೆ ತೂಕ ಜಾಸ್ತಿ. ಮಗಳದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಸ್ಕೂಲು ಹೇಗಿತ್ತು ಎಂದರೆ "ಫೈನ್" ಎನ್ನುತ್ತಾಳೆ, ಅದಕ್ಕೆ ತ್ರಿಕೋನವೂ ಇರುವುದಿಲ್ಲ.

ಸಹನಾಗೆ ಮೆಸೇಜು ಹಾಕಿ ವಿಳಾಸ ತರಿಸಿಕೊಂಡು, ಮಾರನೆಯ ದಿನ ಕೊಬ್ಬರಿ ಎಣ್ಣೆ, ಕಡಲೆಹಿಟ್ಟು, ಒಂದು ಹಳೆಯ ಮೆತ್ತಗಿನ ಪಂಚೆ ಚೀಲಕ್ಕೆ ಹಾಕಿಕೊಂಡೆ.

"ಗುರುತು ಪರಿಚಯ ಇಲ್ದೋರ್ ಮನೆಗೆ ಎಣ್ಣೆ ಬಾಟ್ಲಿ ಹಿಡ್ಕೊಂಡ್ ಹೋಗ್ತೀಯಾ?" ಎಂದರು ಯಜಮಾನರು.

"ಗುರುತು ಪರಿಚಯ ಇಲ್ದೋರ್ ಸೋಫಾ ತರೋಕೆ ನೀವು ಫ್ರೀಮಾಂಟಿಗೆ ಹೋಗ್ಲಿಲ್ವಾ? ಅದರ ಕಾಲು ಬೇರೆ ಮುರಿದಿತ್ತು."

ಅವರು ಕಾರಿನ ಕೀಲಿ ತೆಗೆದುಕೊಂಡು ನನ್ನನ್ನು ಸ್ಟೇಷನ್ನಿಗೆ ಬಿಟ್ಟು ಬಂದರು. ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಎಣ್ಣೆ ಚೆಲ್ಲಲಿಲ್ಲ. ಎರಡನ್ನೂ ದೇವರ ಲೆಕ್ಕಕ್ಕೆ ಸೇರಿಸಿದೆ.

ಸಹನಾ ಬಾಗಿಲು ತೆಗೆದಾಗ ತಲೆಗೆ ಸ್ಕಾರ್ಫು ಕಟ್ಟಿಕೊಂಡಿದ್ದಳು, ಕಣ್ಣ ಕೆಳಗೆ ಕಪ್ಪಾಗಿತ್ತು. ಗಂಡ ಲ್ಯಾಬಿಗೆ ಹೋಗಿದ್ದ. ಬಾತ್‌ಟಬ್ಬಿನೊಳಗೆ ಪುಟ್ಟ ಸ್ಟೂಲು ಇಟ್ಟು, ಸೀರೆ ಮೊಣಕಾಲಿಗೆ ಏರಿಸಿ ಕಟ್ಟಿ, ಕಾಲು ನೀಡಿ ಕೂತೆ. ಕೂತದ್ದೇನೋ ಸರಿ, ನನ್ನ ಮಂಡಿ ಮಡಚಲೂ ಬಾರದೆ ಚಾಚಲೂ ಬಾರದೆ ಮಾಡಿದ ಸದ್ದಿಗೆ ಮಗು ಅಳು ನಿಲ್ಲಿಸಿ ನೋಡಿತು. ಅದನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕಿದೆ. "ಹೆದರ್ಬೇಡ, ಅದು ಕರಗೋ ಸಾಮಾನಲ್ಲ. ನೀನ್ ಹಾಕು ನೀರು," ಎಂದು ತಂಬಿಗೆ ಅವಳ ಕೈಗೇ ಕೊಟ್ಟೆ. ಮೊದಲ ತಂಬಿಗೆ ನನ್ನ ಸೀರೆಗೆ, ಎರಡನೆಯದು ಗೋಡೆಗೆ. ಆಮೇಲಿನದು ಮಗುವಿಗೆ ಬಿತ್ತು.

"ಆಂಟಿ, ನೀವು ಅದನ್ನ ಓದಿದ್ರಾ? ಯಾರೂ ಓಪನ್ ಮಾಡಲ್ಲ ಅಂದ್ಕೊಂಡಿದ್ದೆ," ಎಂದಳು.

"ಓದ್ಲಿ ಅಂತ ಬರ್ದ್ಯೋ, ಓದ್ದೇ ಇರ್ಲಿ ಅಂತ ಬರ್ದ್ಯೋ?"

ಅವಳು ಮಗುವಿನ ಬೆನ್ನಿಗೆ ಇನ್ನೊಂದು ತಂಬಿಗೆ ನೀರು ಹಾಕಿದಳು. "ಎರಡೂ," ಎಂದಳು.

ಸ್ನಾನವಾಯಿತು, ಮಗು ಪಂಚೆಯೊಳಗೆ ಮಲಗಿತು, ಕಾಫಿಯಾಯಿತು. ಅವಳು ಲೇಹ್ಯದ ಬಗ್ಗೆ ಕೇಳಿದಳು, ನಾನು ಒಣಶುಂಠಿ ಹುರಿಯುವ ಪಕ್ಷದವಳು ಎಂದು ಹೇಳಿದೆ. ಕುಂಕುಮ ಕೊಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ರೈಲಿಗೆ ಹೊತ್ತಾಗಿತ್ತು. ಅವಳು ಬಾಗಿಲ ಚಿಲಕ ಹಿಡಿದುಕೊಂಡಳು.

"ಆಂಟಿ, ಇನ್ನೊಂದು ಸಣ್ಣ ವಿಷ್ಯ..."

ಚಪ್ಪಲಿ ಬಿಚ್ಚಿ ಒಳಗೆ ಹೋಗಿ ಕೂತೆ. ಸಣ್ಣ ವಿಷಯ ಮುಗಿಯುವಷ್ಟರಲ್ಲಿ ಇನ್ನೊಂದು ಸಲ ಕಾಫಿಯಾಯಿತು, ಅವಳ ಸ್ಕಾರ್ಫಿನ ತುದಿ ಒದ್ದೆಯಾಯಿತು. ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದೊಂದನ್ನು ಮಡಚಿಡುವುದಕ್ಕೆ ನನ್ನ ಒಪ್ಪಿಗೆಯಿದೆ, ಇದಕ್ಕೆ ತ್ರಿಕೋನ ಬೇಡ.

ವೋಟಿನ ದಿನ ನಾನು ಮಡಿಕೆ ಬೇಡ ಎಂದೇ ಒತ್ತಿದೆ. ನನ್ನ ಕಡೆ ಇದ್ದವರು ನಾನು ಮತ್ತು ಮಡಿಕೆ ತೆರೆಯಲು ಬಾರದ ಕೆಲವರು. ಮಡಿಕೆಯೇ ಗೆದ್ದಿತು. ಈ ಸಲ ನನ್ನ ಗೌರಿ ಹಬ್ಬದ ಪೋಸ್ಟಿನಲ್ಲಿ ಸಂಕಲ್ಪ, ಪೂಜೆ, ಕಥೆ ಎಲ್ಲವನ್ನೂ ಪ್ರಶಾಂತ ಅಚ್ಚುಕಟ್ಟಾಗಿ ಮಡಚಿಟ್ಟ. ಬಿಚ್ಚಿಟ್ಟದ್ದು ಪ್ರಸಾದವೊಂದನ್ನೇ. ಅವನು ಮಂಗಳಾರತಿಗೆ ಬರುವವನು, ಅವನಿಂದ ಇನ್ನೇನು ನಿರೀಕ್ಷಿಸಲಿ.

ಆದರೆ ಈಗ ಫೋರಮ್ಮಿನಲ್ಲಿ ತ್ರಿಕೋನ ಕಂಡಲ್ಲೆಲ್ಲ ನಾನು ಬಟ್ಟೆ ಹಾಕಿ ಒರೆಸುತ್ತೇನೆ. ಹೆಚ್ಚಿನವುಗಳ ಕೆಳಗೆ ಸೋಫಾದ ಉದ್ದಗಲವೇ ಇರುತ್ತದೆ. ಬಟ್ಟೆ ಯಾಕೆ, ಬೆರಳು ಸಾಕು, ಸ್ಕ್ರೀನು ಹಾಳಾಗುತ್ತದೆ ಎಂದು ಮಗಳು ಬೈಯುತ್ತಾಳೆ. ಬೈಯಲಿ. ಮೊನ್ನೆ ಹೀಗೇ ಒರೆಸುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತಳು, ಬ್ಯಾಕ್‌ಪ್ಯಾಕು ಬೆನ್ನ ಮೇಲೇ ಇತ್ತು, ಶೂ ಕಾಲಲ್ಲೇ ಇತ್ತು.

"ಅಮ್ಮಾ," ಎಂದಳು, "ಒನ್ ಸ್ಮಾಲ್ ಥಿಂಗ್."

ನಾನು ಒಲೆ ಆರಿಸಿದೆ.