ಓಣಿಯ ಕಳ್ಳ ಕುಬಸ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಶಾಸ್ತ್ರದ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವಂತಿಲ್ಲ, ದೀಪ ಹಚ್ಚಿದ ಮೇಲೆ ಕಸ ಹೊರಗೆ ಚೆಲ್ಲುವಂತಿಲ್ಲ, ಹೊಸ್ತಿಲ ಮೇಲೆ ಕುಳಿತು ಸೀನುವಂತಿಲ್ಲ. ಸೀನು ತಾನಾಗಿಯೇ ಬಂದರೆ ಏನು ಮಾಡಬೇಕು ಎಂದು ಕೇಳಿದ ತಪ್ಪಿಗೆ ನನ್ನ ತಲೆಗೊಂದು ಬಿದ್ದಿತ್ತು. ಅಂಥವಳು ಒಂದು ವರ್ಷ ತನಗೆ ಬೇಕಾದ ಶಾಸ್ತ್ರವನ್ನು ತಾನೇ ಹುಟ್ಟಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದು ಯುದ್ಧದ ಕಾಲ. ಕಾಳು, ನೂಲು ಎಲ್ಲಕ್ಕೂ ಸರಕಾರದ ಅಳತೆ ಬಿದ್ದಿದ್ದರಿಂದ ನಮ್ಮವರು ಅದನ್ನು ಕಂಟ್ರೋಲ್ ಕಾಲ ಎನ್ನುತ್ತಿದ್ದರು. ಹಿರೇಕೆರೂರಿನ ನಮ್ಮ ಓಣಿಯಲ್ಲಿ ಎದುರು ಮನೆಯವರು ನೇಕಾರರು. ನೂಲು ಸಿಗದೆ ಅವರ ಮಗ್ಗ ನಿಂತುಹೋಗಿತ್ತು. ಮನೆಯ ಗಂಡಸು ಕೂಲಿ ಹುಡುಕಿಕೊಂಡು ಹೋಗುತ್ತಿದ್ದ, ಬರಿಗೈಯಲ್ಲಿ ಬರುವ ದಿನಗಳೇ ಹೆಚ್ಚು. ಮನೆಯಲ್ಲಿ ಅವನ ತಾಯಿ, ಬಸುರಿ ಹೆಂಡತಿ, ಒಬ್ಬಳು ಪುಟ್ಟ ಮಗಳು. ಹಿಂದಿನ ವರ್ಷ ಆ ಹೆಂಗಸಿನ ಕೂಸು ಹೊಟ್ಟೆಯಲ್ಲೇ ಸತ್ತಿತ್ತು. ಈ ಸಲವೂ ಹಾಗಾದರೆ ತಾಯಿಯೂ ಉಳಿಯುವುದಿಲ್ಲ, ಹೊಟ್ಟೆ ತುಂಬ ಹಾಕಿರಿ ಎಂದು ಸೂಲಗಿತ್ತಿ ಹೇಳಿಹೋಗಿದ್ದಳು.

ಹಾಕುವುದು ಹೇಗೆ? ಅತ್ತೆ ಮಹಾ ಬಿಗುಮಾನದವಳು. ನಮ್ಮ ಅವ್ವ ಜೋಳದ ಹಿಟ್ಟು ಕಳಿಸಿದರೆ ಬುಟ್ಟಿ ಹೋದಷ್ಟೇ ಬೇಗ ತಿರುಗಿ ಬಂತು. "ನಮ್ಮಲ್ಲೆ ಐತ್ರಿ, ಬೇಕಾದಾಗ ಕೇಳ್ತೇವಿ" ಎಂದಳಂತೆ. ಪ್ರಾಣ ಹೋದರೂ ಅವಳು ಕೇಳುವುದಿಲ್ಲವೆಂದು ಇಡೀ ಓಣಿಗೆ ಗೊತ್ತಿತ್ತು.

ಆ ವಾರದ ಸಂತೆಗೆ ಸವಣೂರಿನ ಬಳೆಗಾರ ಚಾಚಿ ಬಂದಿದ್ದಳು. ನನ್ನ ಕೈಗೆ ಬಳೆ ಏರಿಸುತ್ತ ದನಿ ತಗ್ಗಿಸಿ ಆಯಿಗೆ ಹೇಳಿದಳು: "ಅವ್ವಾರ, ಎದರ ಮನಿ ಸೊಸಿ ಕೈಗೆ ಈ ಹುಡಿಗಿ ಅಳತಿ ಬಳಿನ ಸಲೀಸ ಹೋದ್ವು ನೋಡ್ರಿ. ಬಸರಿ ಕೈ ಅಲ್ರಿ ಅದು." ಆಯಿ ನನ್ನ ಮಣಿಕಟ್ಟನ್ನು ಹಿಡಿದು ಬಹಳ ಹೊತ್ತು ನೋಡಿದಳು.

ಮರುದಿನ ನಮ್ಮ ಮನೆಯಲ್ಲಿ ಕಳ್ಳ ಕುಬಸ ಎಂದು ಸಾರಿದಳು. ಬಸುರಿಗೆ ಬಂಧುಬಳಗವೆಲ್ಲ ಸೇರಿ ಮಾಡುವ ದೊಡ್ಡ ಕುಬಸಕ್ಕಿಂತ ಮುಂಚೆ, ಅವಳ ಮನೆಯವರಿಗೆ ಹೇಳದೆ, ನಾಲ್ಕು ಹೆಂಗಸರು ಅವಳನ್ನು ಮೆಲ್ಲಗೆ ಕರೆದು ಹಸಿರು ಕುಬಸ ತೊಡಿಸಿ, ಉಡಿ ತುಂಬಿ, ಉಣಿಸಿ ಕಳಿಸುವ ಪದ್ಧತಿ ಅದು. ಕದ್ದು ಮಾಡುವುದರಿಂದ ಆ ಹೆಸರು. ಒಂದು ಬಸಿರಿಗೆ ಒಂದೇ ಸಲ. ಉಡಿಗೆ ಬಂದದ್ದನ್ನು ಮಾತ್ರ ಯಾರೂ ಬೇಡ ಎನ್ನುವಂತಿಲ್ಲ, ಎಂಥ ಬಿಗುಮಾನದವರಾದರೂ.

ಎದುರು ಮನೆಯ ಸೊಸೆ ಬಂದು ಮಣೆಯ ಮೇಲೆ ಕುಳಿತಳು. ಅವ್ವ ಶೇಂಗಾ ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಒಂದು ತುಂಡು ಬಾಯಿಗೆ ಹೋಯಿತು, ಉಳಿದ ಹೋಳಿಗೆ ಸದ್ದಿಲ್ಲದೆ ಸೆರಗಿನೊಳಗೆ ಜಾರಿತು. ನಾನು ಕೂಗಬೇಕೆನ್ನುವಷ್ಟರಲ್ಲಿ ಆಯಿ ನನ್ನ ತೊಡೆ ಚಿವುಟಿದಳು.

"ಅಯ್ಯ, ಮರತ ಬಿಟ್ಟಿದ್ನೆಲ್ಲ!" ಎಂದು ಹಣೆ ಬಡಿದುಕೊಂಡಳು. "ಕಳ್ಳ ಕುಬಸಕ್ಕ ಬಾಜೂಕ ಒಂದು ಸಣ್ಣ ಹುಡುಗಿ ಕುಂತು ಉಣ್ಣಬೇಕು. ಇಲ್ಲಾಂದ್ರ ಶಾಸ್ತ್ರನ ಆಗಂಗಿಲ್ಲ. ಹೋಗ, ಆಕಿ ಮಗಳನ್ನ ಕರ್ಕೊಂಡು ಬಾ."

ಅಂಥ ಶಾಸ್ತ್ರವನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅವ್ವ ತುಪ್ಪದ ಮಿಳ್ಳಿ ಹಿಡಿದು ಹಾಗೇ ನಿಂತಿದ್ದಳು. ನಾನು ಓಡಿಹೋಗಿ ಹುಡುಗಿಯನ್ನು ಕರೆತಂದೆ. ಅದು ಎರಡೂ ಕೈಯಿಂದ ತಿನ್ನತೊಡಗಿದ ಮೇಲೆ ತಾಯಿಯೂ ತಲೆ ತಗ್ಗಿಸಿ ಉಂಡಳು. ಹಸಿದವರು ಉಣ್ಣುವುದನ್ನು ಅಷ್ಟು ಹತ್ತಿರದಿಂದ ನಾನು ಅದೇ ಮೊದಲು ನೋಡಿದ್ದು. ನನಗೆ ಅಳು ಬಂತು.

ಎರಡು ದಿನ ಬಿಟ್ಟು ಪಕ್ಕದ ಮನೆಯಲ್ಲಿ ಮತ್ತೆ ಕಳ್ಳ ಕುಬಸ. ಆಮೇಲೆ ಅದರಾಚೆಯ ಮನೆ. ಅವ್ವ ಹೆದರುತ್ತ ಕೇಳಿದಳು: "ಅತ್ತಿ, ಇದು ಒಂದ ಸಲ ಮಾಡೂದಲ್ಲೇನ್ರಿ?"

"ಯಾರ ಹೇಳಿದ್ರು ನಿನಗ? ಓಣ್ಯಾಗ ಎಷ್ಟ ಮನಿ ಅದಾವು, ಅಷ್ಟೂ ಆಗಬೇಕು. ಎಲ್ಲಾ ಮುಗದ್ರ ಮತ್ತ ನಮ್ಮ ಮನಿಯಿಂದ ಸುರು."

ಸರಕಾರಕ್ಕೆ ಲೆವಿ ಎಂದು ಬೆಳೆಯ ಪಾಲು ಕೊಟ್ಟು ಎಲ್ಲರ ಮನೆಯಲ್ಲೂ ಕಾಳು ತಳ ಕಂಡಿದ್ದ ದಿನಗಳು. ಆದರೂ ಯಾವ ಮನೆಯೂ ತನ್ನ ಸರದಿ ತಪ್ಪಿಸಲಿಲ್ಲ. ಹೋಳಿಗೆ ಇಲ್ಲದವರು ರೊಟ್ಟಿ, ಹೆಸರುಕಾಳು ಮಾಡಿದರು. ಹಾಲಿದ್ದವರು ಹಾಲು ಕಾಸಿದರು. ನಮ್ಮ ಸರದಿ ಮತ್ತೆ ಬಂದಾಗ ಚಾಚಿ ಸವಣೂರಿನಿಂದ ಉತ್ತತ್ತಿ ಗಂಟು ತಂದು ಅಂಗಳದಲ್ಲೇ ನಿಂತು, "ಇವು ಒಣಾವ್ರಿ ಅವ್ವಾರ, ನಡೀತಾವಲ್ರಿ?" ಎಂದಳು. ಬೇರೆಯವರು ಮುಟ್ಟಿದ ಕೊಡವನ್ನು ಬೂದಿ ಹಚ್ಚಿ ತಿಕ್ಕುವ ನಮ್ಮ ಆಯಿ, "ಒಳಗ ಬಾ, ನಿನ್ನ ಕೈಲೆ ಉಡಿಗೆ ಹಾಕು" ಎಂದಳು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಇವಳು ನಿಜವಾಗಿ ನಮ್ಮ ಆಯಿಯೇ ಎಂದು ಅನುಮಾನ ಬಂತು.

ಎದುರು ಮನೆಯ ಅತ್ತೆಗೆ ಇದೊಂದೂ ಗೊತ್ತಿಲ್ಲವೆಂದು ನಾನು ನಂಬಿದ್ದೆ. ಸೊಸೆ ಹೊರಬೀಳುವ ಹೊತ್ತಿಗೆ ಸರಿಯಾಗಿ ಅವಳು ಮೊರ ಹಿಡಿದು ಬೀದಿಗೆ ಬೆನ್ನು ಹಾಕಿ ಕುಳಿತಿರುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕೂಸು ಅತ್ತಿತು. ಎಂಥ ದನಿ ಅದು! ಓಣಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಗಂಡು ಕೂಸು, ತಾಯಿ ಆರಾಮ ಎಂದು ಸೂಲಗಿತ್ತಿ ಹೇಳಿದಳು. ಆಯಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು.

ಕೆಲವು ದಿನಗಳ ಮೇಲೆ ಎದುರು ಮನೆಯ ಅತ್ತೆ ನಮ್ಮ ಮನೆಗೆ ಬಂದಳು. ಕರೆಯದೆ ಅವಳು ಯಾರ ಮನೆಗೂ ಬಂದವಳಲ್ಲ. ಕುಂತ್ಕೋ ಎಂದರೂ ಕೂರದೆ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಆಯಿ ದೀಪದ ಬತ್ತಿ ಹೊಸೆಯುತ್ತಿದ್ದಳು.

"ಯಕ್ಕಾರ, ಕೂಸಿಗೆ ಹಾಲು ಸಾಲವಲ್ದು," ಎಂದಳು. "ಬಾಣಂತಿಗೂ… ಹಂತಾದ್ದು ಏನರ ಶಾಸ್ತ್ರ ಐತೇನ್ರಿ?"

ಅವಳಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು.

ಆಯಿ ತಲೆ ಎತ್ತಲಿಲ್ಲ. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ.

"ಐತಿ ತಂಗಿ, ಯಾಕಿಲ್ಲ? ಕೂಸು ಅಂಬೆಗಾಲ ಇಡೂತನಕ ಐತಿ. ಮಂದಿ ಮರತಾರ ಅಷ್ಟ," ಎಂದಳು. "ಆದ್ರ ಒಂದು. ಅದಕ್ಕ ಬಾಣಂತಿ ಅತ್ತಿನೂ ಬಾಜೂಕ ಕುಂತು ಉಣ್ಣಬೇಕು. ಇಲ್ಲಾಂದ್ರ ಆಗಂಗಿಲ್ಲ."

ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅವ್ವ ಆಗಲೇ ಎದ್ದು ಹಿಟ್ಟು ನಾದಲು ಒಳಗೆ ಹೋಗಿದ್ದಳು.