ಹಾಯಿ ಹಡಗಿಗೆ ಶಿಕಾರಿಪುರದ ರಾಟೆ

ಅಪ್ಪ ಶಿಕಾರಿಪುರದಲ್ಲಿ ಎತ್ತಿನಗಾಡಿಯ ಚಕ್ರ ಮಾಡುತ್ತಿದ್ದವನು. ಟೈರಿನ ಗಾಡಿ ಬಂದಮೇಲೆ ಮರದ ಚಕ್ರ ಕೇಳುವವರೇ ಇರಲಿಲ್ಲ. ಅಂಥವನಿಗೆ ಹೋದ ಬೇಸಿಗೆಯಲ್ಲಿ ಕರಾವಳಿಯಿಂದ ಕೆಲಸ ಬಂತು: ಬಹಳ ಹಳೆಯದೊಂದು ಹಾಯಿ ಹಡಗನ್ನು ರಿಪೇರಿ ಮಾಡುತ್ತಿದ್ದಾರೆ, ಹಾಯಿ ಏರಿಸುವ ಹಗ್ಗಕ್ಕೆ ಮರದ ದೊಡ್ಡ ರಾಟೆ ಬೇಕು. ಸಮುದ್ರವನ್ನೇ ನೋಡದ ಮನುಷ್ಯ ಹೂಂ ಅಂದುಬಿಟ್ಟ!

ಮಳೆಗಾಲ ಮುಗಿದು ಹಡಗು ಮತ್ತೆ ನೀರಿಗಿಳಿಯುವ ದಿನ, ಸೊರಬದ ನನ್ನ ಮನೆಯಿಂದ ಇಬ್ಬರೂ ಮೊದಲ ಬಸ್ಸು ಹತ್ತಿದೆವು. ಘಟ್ಟ ಇಳಿಯುವ ತನಕ ಅವನದು ಒಂದೇ ಮಾತು.

"ತಿರುಗ್ತೈತೇನವ್ವಾ ಅದು?"

"ನೀ ಮಾಡಿದ್ದು ತಿರುಗ್ದೆ ಇರ್ತೈತಾ? ಸುಮ್ನೆ ಕೂರಪ್ಪಾ," ಎಂದು ಗದರಿದೆ. ನನಗೂ ಒಳಗೊಳಗೇ ಅದೇ ಅನುಮಾನ.

ನದಿ ಸಮುದ್ರ ಸೇರುವಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಣ್ಣೆ ಬಳಿದ ದಿಮ್ಮಿಗಳ ಮೇಲೆ ನೂರಾರು ಕೈಗಳು ಹಡಗನ್ನು ದೂಡಿದವು. ಅದು ಜಾರಿ ನೀರಿಗಿಳಿದಾಗ ನಾನು ಕುಣಿದೇಬಿಟ್ಟೆ, ಐವತ್ತು ದಾಟಿದವಳು! ಅಪ್ಪ ಮಾತ್ರ ಕತ್ತೆತ್ತಿ ಹಾಯಿಕಂಬದ ತುದಿಯಲ್ಲಿದ್ದ ತನ್ನ ರಾಟೆಯನ್ನೇ ನೋಡುತ್ತಿದ್ದ.

ಹಡಗನ್ನು ದಡದ ಕಟ್ಟೆಗೆ, ಅಲ್ಲಿಯವರ ಮಾತಿನ ಧಕ್ಕೆಗೆ, ಕಟ್ಟಿ ಹಾಯಿಯ ಹಗ್ಗ ಎಳೆದರು. ಹಾಯಿ ಏಳಲಿಲ್ಲ. ಮತ್ತೆ ಎಳೆದರು. ರಾಟೆ ತನ್ನ ಚೌಕಟ್ಟಿನಲ್ಲಿ ಕಚ್ಚಿಕೊಂಡಿತ್ತು.

"ತಪ್ಪು ನಂದೇ," ಎಂದು ಅಪ್ಪ ಜೋರಾಗಿಯೇ ಹೇಳಿದ. "ಗಾಡಿ ಚಕ್ರದಂಗೆ ಕೂದ್ಲೂ ತೂರ್ದಂಗೆ ಬಿಗಿ ಕೂರ್ಸೀನಿ. ನಮ್ ಕಡೆ ಬಿಸ್ಲಿಗೆ ಮರ ಕುಗ್ತೈತಿ, ಬಿಗಿ ಇದ್ರೇ ಚೊಲೊ. ಇಲ್ಲಿ ಗಾಳ್ಯಾಗೂ ನೀರು. ಮರ ಉಬ್ಬೈತಿ."

ಇದನ್ನು ನಾಲ್ಕು ಜನರ ಮುಂದೆ ಹೇಳಬೇಕಿತ್ತಾ? ನನಗೆ ಸಿಟ್ಟೇ ಬಂತು. ಆದರೆ ಹಡಗಿನ ಮುಖಂಡ ನಗಲಿಲ್ಲ. ಆಳು ಹತ್ತಿಸಿ ರಾಟೆ ಇಳಿಸಿಕೊಟ್ಟ. ಅಪ್ಪ ಧಕ್ಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚೀಲದಿಂದ ಉಳಿ ತೆಗೆದು, ಎರಡೂ ಮಗ್ಗುಲನ್ನು ಎಳೆಎಳೆಯಾಗಿ ಕೆತ್ತಿದ. ಅಷ್ಟು ಜನರೂ ಕಾದರು. ನಾನು ಕಂಡಕಂಡ ದೇವರಿಗೆಲ್ಲ ಕೈಮುಗಿದೆ.

ರಾಟೆ ಮತ್ತೆ ಮೇಲೇರಿತು. ಹಗ್ಗ ಎಳೆದರು. ಗಿರ್ರನೆ ತಿರುಗಿತು! ಹಾಯಿ ಸರಸರ ಏರಿ ಗಾಳಿ ತುಂಬಿಕೊಂಡಿತು. ಜನ ಶಿಳ್ಳೆ ಹೊಡೆದರು, ನಾನು ಅಪ್ಪನನ್ನು ತಬ್ಬಿಕೊಂಡು ಅತ್ತೆ.

ಅವನು ಬಿಡಿಸಿಕೊಂಡು ನೇರ ಮುಖಂಡನ ಬಳಿ ಹೋದ.

"ಇದು ಎಷ್ಟ್ ವರ್ಷಕ್ಕೆ ಸವೀತೈತ್ರೀ?"

"ಐದಾರು ವರ್ಷ ಬರ್ತದೆ, ಅಜ್ಜಾ."

ಎಪ್ಪತ್ತೆಂಟರ ಅಪ್ಪ ತಲೆಯಾಡಿಸಿದ. "ಹಂಗಾರೆ ಮುಂದಿನ ರಾಟೆಗೆ ಮರ ಈಗ್ಲೇ ಒಣಗಾಕ ಇಡ್ತೀನ್ರೀ."