ಶೆಡ್ಡೋ ಮನೆಯೋ

ನಮ್ಮ ಹೊಲದಲ್ಲಿ ಕೊಟ್ಟಿಗೆಯ ಗೋಡೆ ಮೊಣಕಾಲೆತ್ತರ ಏಳುವ ಹೊತ್ತಿಗೇ ಭಾವನವರ ಓಡಾಟ ಜಾಸ್ತಿಯಾಯಿತು. ಭಾವ ಅಂದರೆ ನಮ್ಮ ಯಜಮಾನರ ಅಣ್ಣ, ಪಕ್ಕದ ಹೊಲ ಅವರದು. ವರ್ಷವಿಡೀ ನಮ್ಮ ಬದುವಿನ ಕಡೆ ತಲೆ ಹಾಕದವರು ಈಗ ದಿನಾ ಬಂದು, "ಏನವ್ವ, ಮನೆ ಎದ್ದುಬುಡ್ತಾ?" ಅಂತ ನಗುವುದು. ಮನೆಯಂತೆ! ಕೊಟ್ಟಿಗೆ ಅನ್ನಲು ನಾಲಿಗೆಗೆ ಏನಾಗಿತ್ತು?

ಆ ಒಂದು ಮಾತಿಗೇ ನಾನು ಹೆದರುತ್ತಿದ್ದುದು. ವ್ಯವಸಾಯದ ಜಮೀನಿನಲ್ಲಿ ದನಕ್ಕೆ ಶೆಡ್ ಕಟ್ಟಿದರೆ ತಕರಾರಿಲ್ಲ, ಜನ ವಾಸಮಾಡುವ ಮನೆಯಾದರೆ ಭೂಪರಿವರ್ತನೆ ಆಗಿರಬೇಕು, ಇಲ್ಲದಿದ್ದರೆ ಕೆಡವಿಸುತ್ತೇವೆ ಅಂತ ಪಂಚಾಯ್ತಿಯಲ್ಲಿ ಹೇಳಿದ್ದರು. ಊರೊಳಗೆ ಹಸು ಕಟ್ಟಲು ನಮಗೆ ಜಾಗವಿಲ್ಲ. ಇದನ್ನು ಕೆಡವಿದರೆ ಹಸುಗಳನ್ನು ಮಾರುವುದೊಂದೇ ದಾರಿ, ಡೇರಿಗೆ ಹಾಲು ಹಾಕುವುದು ಅಲ್ಲಿಗೆ ಮುಗಿಯಿತು.

ಅತ್ತೆಯ ಬಾಯಿಗಂತೂ ಬೀಗವಿಲ್ಲ. ನಮ್ಮ ಕಡೆ ಹಳಬರು ಕೊಟ್ಟಿಗೆಯನ್ನು ದನದ ಮನೆ ಅಂತಲೇ ಅನ್ನುವುದು. "ಅತ್ತೆ, ಯಾರು ಕೇಳಿದ್ರೂ ಶೆಡ್ಡು ಅನ್ನಿ" ಅಂತ ಬಡಿದುಕೊಂಡರೂ ಹುಲ್ಲು ಕೊಯ್ಯುವವರಿಗೆಲ್ಲ "ದನದ ಮನೆ ಕಟ್ಟುಸ್ತಾವ್ರೆ" ಅಂತ ಸಾರುತ್ತಿದ್ದರು. ಭಾವನ ಜೊತೆ ಮಾತಾಡುವಾಗ ನಾನು ಹತ್ತಿರ ಹೋದರೆ ಮಾತ್ರ ಮಾತು ನಿಂತುಬಿಡುತ್ತಿತ್ತು. ತಾಯಿ ಮಗ ಸೇರಿ ಏನೋ ನಡೆಸುತ್ತಿದ್ದಾರೆ ಅನ್ನುವುದು ನನಗೆ ಗಟ್ಟಿಯಾಯಿತು. ಯಾಕೆ ಬಂದಿದ್ರು, ಏನಂದ್ರು ಅಂತ ಅತ್ತೆಯನ್ನು ನಾನು ಕೇಳದ ದಿನವಿಲ್ಲ. "ಏನಿಲ್ಲ ಕಣವ್ವ" ಅನ್ನುವರು. ಏನಿಲ್ಲ ಅನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ.

ಶೀಟು ಹೊದಿಸಿದ ಮಾರನೇ ದಿನ ಪಂಚಾಯ್ತಿಯವರೊಬ್ಬರು ಬೈಕಿನಲ್ಲಿ ಬಂದರು. ನಮ್ಮ ಮೇಲೆ ಯಾರು ಅರ್ಜಿ ಹಾಕಿದ್ದು ಅಂತ ಮೊದಲೇ ಕೇಳಿಬಿಟ್ಟೆ.

"ಯಾರೂ ಇಲ್ಲಮ್ಮ. ಹೆಡತಲೆ ಊರ ಕಡೆಯಿಂದ ಹೊಸದಾಗಿ ಕಟ್ಟಿರೋದನ್ನೆಲ್ಲ ನೋಡ್ಕಂಡು ಬತ್ತಿದೀನಿ" ಅಂದರು. ನಾನು ನಂಬಲಿಲ್ಲ. ಭಾವ ಬದುವಿನ ಮೇಲೆ ನಿಂತಿದ್ದು ಕಾಣುತ್ತಿತ್ತಲ್ಲ.

ರಸ್ತೆಯಿಂದ ಬಿಟ್ಟ ಜಾಗಕ್ಕೆ ಟೇಪು ಹಿಡಿದರು. ಗಂಜಲ ಹರಿಯುವ ಚರಂಡಿ, ಮೇವು ಹಾಕುವ ಗೋದಲಿ ನೋಡಿ ಸರಿಯಿದೆ ಅಂದರು. ಕೊನೆಗೆ ಒಳಗಿನ ಮೂಲೆಗೆ ಹೋಗಿ ನಿಂತುಬಿಟ್ಟರು. ಅಲ್ಲೊಂದು ಜಗಲಿ, ಒಬ್ಬರು ಕಾಲು ಚಾಚುವಷ್ಟು. ಪಕ್ಕದಲ್ಲಿ ಸಣ್ಣ ಒಲೆ. ಮೇವು ಒಟ್ಟೋಕೆ, ಹುರುಳಿ ಬೇಯಿಸೋಕೆ ಅಂತ ನನಗೆ ಹೇಳಿ ಅತ್ತೆಯೇ ಗಾರೆಯವರ ಕೈಲಿ ಮಾಡಿಸಿದ್ದು.

"ಇದು ಯಾರಿಗಜ್ಜಿ?" ಅಂದರು ಅವರು, ಹಿಂದೆಯೇ ಬಂದಿದ್ದ ಅತ್ತೆಯ ಕಡೆ ತಿರುಗಿ.

"ನನಗೆ ಕಣಪ್ಪ. ಇಲ್ಲೇ ಇದ್ಬುಡಾನ ಅಂತ. ನಮ್ ದೊಡ್ಡವನೂ ಊಂ ಅಂದವ್ನೆ."

"ನೀವಿದ್ರೆ ಇದು ಮನೆ ಆಯ್ತಲ್ಲಜ್ಜಿ!"

ನಾನು ನಡುವೆ ನುಗ್ಗಿದೆ. "ಕರು ಮಲಗೋಕೆ ಸಾ! ಅತ್ತೆಗೆ ವಯಸ್ಸಾಗದೆ, ಏನೋ ಅಂತಾರೆ" ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಅವರ ಕಡೆ ತಿರುಗಿ, "ಊಂ ಕಣಪ್ಪ, ಕರುಗೆ" ಅಂದರು.

ಶೆಡ್ ಅಂತಲೇ ಬರೆದುಕೊಂಡು, ಒಲೆ ತೆಗೆಸಿ ಅಂತ ಹೇಳಿ ಅವರು ಹೋದರು. ಕೊಟ್ಟಿಗೆ ಉಳಿಯಿತು. ಅತ್ತೆ ಜಗಲಿಯ ಮೇಲೆ ಕೂತು ಅಂಗೈಯಲ್ಲಿ ಅದನ್ನು ಸವರುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಮನೇಲಿ ನಿಮ್ಗೇನು ಕಮ್ಮಿ ಮಾಡಿದ್ದೆ ಅತ್ತೆ?"

"ಕಮ್ಮಿ ಏನಿಲ್ಲ ಕಣವ್ವ" ಅಂದರು, ಕೋಪವಿಲ್ಲದೆ. "ಯಾರ ತಾವ ಮಾತಾಡ್ದೆ, ಏನ್ ಮಾತಾಡ್ದೆ ಅಂತ ದನ ಕೇಳಾಕಿಲ್ಲ."